ಬೆಂಜ್ ಸಾವ್ಕಾರ್ರು

ಹೊಸಪೇಟೆಯ ಮೇನ್ ಬಜಾರಿನಲ್ಲಿ ಒಬ್ಬರು ಕಾರು ನಿಲ್ಲಿಸಿ, ಕೀ ತೆಗೆದು ಜೇಬಿಗಿಳಿಸಿ, ಬಾಗಿಲು ಹಾಕಿ ನಾಲ್ಕು ಹೆಜ್ಜೆ ನಡೆದ ಮೇಲೂ ಎಂಜಿನ್ ತನ್ನ ಪಾಡಿಗೆ ಗಡಗಡ ಎನ್ನುತ್ತಲೇ ಇದ್ದರೆ, ಅವರೇ ಬೆಂಜ್ ಸಾವ್ಕಾರ್ರು. ಅವರು ಗಾಬರಿಯಾಗುವುದಿಲ್ಲ. ಹಿಂದಕ್ಕೆ ಬಂದು ಬಾನೆಟ್ ಎತ್ತಿ, ಒಳಗೆ ಕೈ ಹಾಕಿ, 'ಸ್ಟಾಪ್' ಎಂದು ಬರೆದಿರುವ ಪುಟ್ಟ ಲಿವರನ್ನು ಒತ್ತುತ್ತಾರೆ. ಕಾರು ಒಮ್ಮೆ ಮೈ ಕೊಡವಿ ಸುಮ್ಮನಾಗುತ್ತದೆ. ಅಷ್ಟರಲ್ಲಿ ಮಿರ್ಚಿ ಬಂಡಿಯ ಮುಂದೆ ಒಗ್ಗರಣೆ ತಿನ್ನುತ್ತ ನಿಂತವರೆಲ್ಲ ಇತ್ತ ತಿರುಗಿರುತ್ತಾರೆ. "ಜರ್ಮನಿ ಗಾಡಿ ನೋಡ್ರಿ, ಒಮ್ಮೆ ಚಾಲೂ ಆತಂದ್ರ ನಿಲ್ಲಾದಿಲ್ಲ," ಎನ್ನುತ್ತಾರೆ ಸಾವ್ಕಾರ್ರು. ಬೆಳಿಗ್ಗೆ ಇದೇ ಗಾಡಿಯನ್ನು ಚಾಲೂ ಮಾಡಲು ಓಣಿಯ ಹುಡುಗರು ನೂಕಿದ್ದರು ಎಂಬುದು ಬೇರೆ ಮಾತು.

ಕಾರಣ ಇಷ್ಟೇ. ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ, ಹಾಗಾಗಿ ಕರೆಂಟು ಕತ್ತರಿಸಿದರೆ ಅದು ನಿಲ್ಲುವುದಿಲ್ಲ, ಡೀಸೆಲ್ಲನ್ನೇ ಕತ್ತರಿಸಬೇಕು. ಈ ಕಾರಿನಲ್ಲಿ ಆ ಕೆಲಸ ಮಾಡುವುದು ವ್ಯಾಕ್ಯೂಮ್, ಅಂದರೆ ಸಣ್ಣ ಕೊಳವೆಗಳ ಮೂಲಕ ಗಾಳಿ ಎಳೆಯುವ ಏರ್ಪಾಡು. ನಾಲ್ಕೂ ಬಾಗಿಲು ಲಾಕ್ ಆಗುವುದೂ ಅದರಿಂದಲೇ. ನಲವತ್ತು ದಾಟಿದ ರಬ್ಬರು ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿಗೆ ಎಲ್ಲೋ ಒಂದು ಕಡೆ ಬಿರಿಯುತ್ತದೆ. ಹಿಂದಿನ ಬಾಗಿಲ ಲಾಕಿನಲ್ಲಿ ಗಾಳಿ ಸೋರಿದರೆ ಮುಂದಿನ ಎಂಜಿನ್ ಮಾತು ಕೇಳುವುದಿಲ್ಲ. ಇಂಥ ಕಾಯಿಲೆಯನ್ನು ಬೇರೆ ಯಾರಿಗಾದರೂ ವಿವರಿಸಿ ಹೇಳುವುದು ಕಷ್ಟ. ಸಾವ್ಕಾರ್ರಿಗೆ ಮಾತ್ರ ಅದೇ ಸುಖ.

ಹೆಸರಿಗೆ ಸಾವ್ಕಾರ್ರು. ನಿಜವಾಗಿ ಇರುವುದು ಒಂದು ಗೊಬ್ಬರದ ಅಂಗಡಿ, ಕಂಪ್ಲಿ ಕಡೆ ಒಂದಿಷ್ಟು ಭತ್ತದ ಗದ್ದೆ, ಅಂಗಡಿಯ ಗಲ್ಲಾಪೆಟ್ಟಿಗೆಗಿಂತ ದಪ್ಪನಾದ ಉದ್ರಿ ಪುಸ್ತಕ. ಕಾರು 1981ರ ಮರ್ಸಿಡಿಸ್ ಬೆಂಜ್ 240 ಡಿ. ಕಂಪನಿಯ ಲೆಕ್ಕದಲ್ಲಿ ಡಬ್ಲ್ಯು 123 ಎಂಬ ವಂಶ. 1976ರಲ್ಲಿ ಶುರುವಾಗಿ ಹತ್ತು ವರ್ಷಗಳಲ್ಲಿ ಸುಮಾರು 27 ಲಕ್ಷ ಕಾರುಗಳು ಹೊರಬಂದವು. ಇವರದು ಆ ಪೈಕಿ ಅತಿ ನಿಧಾನದ್ದರಲ್ಲಿ ಒಂದು. ನೂರು ಕಿಲೋಮೀಟರ್ ವೇಗ ಮುಟ್ಟಲು ಕಂಪನಿಯಿಂದ ಹೊಸದಾಗಿ ಬಂದಾಗಲೇ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಬೇಕಿತ್ತು. ಈಗ ಎಷ್ಟು ಬೇಕೆಂದು ನೋಡುವ ಪ್ರಸಂಗ ಬಂದಿಲ್ಲ, ನೂರು ಮುಟ್ಟಿದರಲ್ಲವೇ?

ಈ ಕಾರು ಹೊಸಪೇಟೆಗೆ ಬಂದ ಕಥೆಗೆ ಹಲವು ಪಾಠಾಂತರಗಳಿವೆ. ವಿದೇಶಿ ಕಾರು ತರಿಸುವುದು ಸಾಮಾನ್ಯರ ಕೈಗೆಟುಕದ ಆ ಕಾಲದಲ್ಲಿ ದೆಹಲಿಯ ರಾಯಭಾರ ಕಚೇರಿಗಳವರು ತಂದು ಬಳಸಿ ಬಿಟ್ಟ ಕಾರುಗಳನ್ನು ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತು. ಹಾಗೆ ಬಂದದ್ದು ಎನ್ನುವವರೆಗೆ ಎಲ್ಲ ಪಾಠಗಳೂ ಒಂದೇ. ಮುಂದಿನದು ಕೇಳುವವರ ಮೇಲೆ ಹೋಗುತ್ತದೆ. ಗದ್ದೆಯ ಆಳುಗಳಿಗೆ ಅದು ಸಿನಿಮಾ ನಟರೊಬ್ಬರು ಕೂತ ಕಾರು, ಕಾಲೇಜಿನ ಮೇಷ್ಟ್ರಿಗೆ ಜರ್ಮನ್ ರಾಯಭಾರಿಯ ಕಾರು, ಬೀಗರಿಗೆ ಎರಡೂ.

ಒಂದು ವಿಷಯವನ್ನು ಮಾತ್ರ ಸಾವ್ಕಾರ್ರು ಯಾರೂ ಕೇಳದಿದ್ದರೂ ಹೇಳುತ್ತಾರೆ: "ಇದು ಗಣಿ ರೊಕ್ಕದ ಗಾಡಿ ಅಲ್ರಿ." ಹೊಸಪೇಟೆ, ಸಂಡೂರಿನಲ್ಲಿ ಬೆಂಜ್ ಇಟ್ಟವರಿಗೆ ಈ ಸಮಜಾಯಿಷಿ ಅನಿವಾರ್ಯ. ಅದಿರಿಗೆ ಚೀನಾದಿಂದ ಬೇಡಿಕೆ ಏರಿದ ವರ್ಷಗಳಲ್ಲಿ ಇಲ್ಲಿ ಕೋಟಿ ಬೆಲೆಯ ಕಾರು ಬಂದರೂ ಯಾರೂ ಎದ್ದು ನೋಡುತ್ತಿರಲಿಲ್ಲ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಸಾಲುಸಾಲಾಗಿ ನಿಂತವು, ದೊಡ್ಡ ಕಾರುಗಳು ಒಂದೊಂದಾಗಿ ಮಾಯವಾದವು. ಎಲ್ಲರೂ ಬೆಂಜ್ ಮಾರುವಾಗ ಸಾವ್ಕಾರ್ರು ಬೆಂಗಳೂರಿಗೆ ಹೋಗಿ ಬೆಂಜ್ ತಂದರು, ಅದೂ ಅವರೆಲ್ಲ ಮಾರಿದ್ದಕ್ಕಿಂತ ಮೂವತ್ತು ವರ್ಷ ಹಳೆಯದನ್ನು.

ಬಂದವರು ಕೇಳುವ ಮೊದಲ ಪ್ರಶ್ನೆ ಸಾವ್ಕಾರ್ರಿಗೆ ಕಂಠಪಾಠ.

"ಲೀಟರಿಗೆ ಎಷ್ಟು ಕೊಡ್ತೈತ್ರಿ?"

"ಬೆಂಜ್ ಇಟ್ಟೋರು ಅದನ್ನ ಕೇಳಂಗಿಲ್ಲ ತಮ್ಮಾ."

ಎರಡನೆಯ ಪ್ರಶ್ನೆ ಸಂಡೂರಿನ ಹಳೇ ಲಾರಿ ಡ್ರೈವರುಗಳದು, ಅದು ಹೆಚ್ಚು ನೋಯಿಸುತ್ತದೆ. ಟಾಟಾ ಕಂಪನಿ 1954ರಿಂದ 1969ರವರೆಗೆ ಡೈಮ್ಲರ್ ಬೆಂಜ್ ಜೊತೆ ಸೇರಿ ಲಾರಿ ಕಟ್ಟಿತ್ತು. ಲಾರಿಯ ಮೂತಿಯ ಮೇಲೇ ಮೂರು ಮೂಲೆಯ ನಕ್ಷತ್ರ ಇರುತ್ತಿತ್ತು. ಅದಿರು ಹೊತ್ತ ಆ ತಲೆಮಾರಿಗೆ ಬೆಂಜ್ ಎಂದರೆ ಲಾರಿ. "ನಮ್ದೂ ಬೆಂಜ್ ಐತಿ," ಎಂದು ಸಾವ್ಕಾರ್ರು ಎದೆಯುಬ್ಬಿಸಿದರೆ ಅವರು, "ಎಷ್ಟ್ ಟನ್ನಿಂದ್ರಿ?" ಎನ್ನುತ್ತಾರೆ.

ಆದರೆ ಸಾವ್ಕಾರ್ರ ಮರ್ಮಕ್ಕೆ ತಾಗುವ ಸಂಗತಿ ಇನ್ನೊಂದಿದೆ, ಅದು ಅವರ ಮೆಕ್ಯಾನಿಕ್ ಉಸ್ತಾದ್‌ಗೆ ಗೊತ್ತು. 240 ಡಿ ಕಾರಿನ ಎಂಜಿನ್ ಓಎಂ 616, ನಾಲ್ಕು ಸಿಲಿಂಡರ್, 2.4 ಲೀಟರ್. ಇದನ್ನೇ ಬಜಾಜ್ ಟೆಂಪೊ ಕಂಪನಿ ಡೈಮ್ಲರ್ ಬೆಂಜ್‌ನಿಂದ ಲೈಸೆನ್ಸ್ ಪಡೆದು ಮಹಾರಾಷ್ಟ್ರದಲ್ಲಿ ತಯಾರಿಸಿತು. 2005ರಲ್ಲಿ ಹೆಸರು ಬದಲಿಸಿಕೊಂಡು ಫೋರ್ಸ್ ಮೋಟಾರ್ಸ್ ಆದದ್ದು ಅದೇ ಕಂಪನಿ. ಆ ಎಂಜಿನ್ ಹೋಗಿ ಕೂತದ್ದು ಟೆಂಪೊ ಟ್ರಾವೆಲರ್‌ನಲ್ಲಿ, ಮತ್ತೆ ಟ್ರ್ಯಾಕ್ಸ್‌ನಲ್ಲಿ. ಅಂದರೆ ಬೆಳಗಿನ ಜಾವ ಕಂಪ್ಲಿ ಕಡೆಗೆ ನಾಟಿ ಹೆಣ್ಣಾಳುಗಳನ್ನು ಒಳಗೆ ತುಂಬಿ, ಗಂಡಾಳುಗಳನ್ನು ಟಾಪಿನ ಮೇಲೆ ಕೂರಿಸಿ, ಹಿಂದಿನ ಏಣಿಗೆ ಇಬ್ಬರನ್ನು ಜೋತು ಬಿಟ್ಟು ಓಡುವ ಟ್ರ್ಯಾಕ್ಸಿನ ಎದೆಯಲ್ಲಿ ಬಡಿಯುವುದು ಸಾವ್ಕಾರ್ರ ಕಾರಿನ ಖಾಸಾ ತಮ್ಮನ ಹೃದಯ. ಸೀಮೆಯ ಜನ ಎಷ್ಟೋ ವರ್ಷದಿಂದ ಬೆಂಜ್ ಎಂಜಿನ್ನಿನಲ್ಲೇ ಓಡಾಡುತ್ತಿದ್ದರು. ಬೆಂಜ್ ತಂದೆನೆಂದು ಸಾವ್ಕಾರ್ರು ಪೇಡೆ ಹಂಚಿದ್ದು ಆಮೇಲೆ.

ಗಾಡಿ ಇನ್ನೂ ರಸ್ತೆಯ ಮೇಲೆ ಇರುವುದಕ್ಕೂ ಇದೇ ಕಾರಣ. ಸ್ಟುಟ್‌ಗಾರ್ಟ್‌ನಿಂದ ಸಾಮಾನು ತರಿಸುತ್ತೇನೆ ಎಂದು ಸಾವ್ಕಾರ್ರು ಅಂಗಡಿಯಲ್ಲಿ ಹೇಳಿ ಹೊರಡುತ್ತಾರೆ. ಗ್ಯಾರೇಜಿನಲ್ಲಿ ಉಸ್ತಾದ್ ಹುಡುಗನನ್ನು ಟೆಂಪೊ ಸ್ಪೇರ್ಸ್ ಅಂಗಡಿಗೆ ಓಡಿಸುತ್ತಾರೆ. ಕೆಲವು ಸಾಮಾನು ತಾವಾಗಿ ಕೂಡುತ್ತವೆ, ಕೆಲವನ್ನು ಉಸ್ತಾದ್ ಕೂಡಿಸುತ್ತಾರೆ. ಬಂದ ಡಬ್ಬಿಯ ಮೇಲಿನ ಹೆಸರು ಕಾಣದಂತೆ ಸಾವ್ಕಾರ್ರು ಅದನ್ನು ಹಳೇ ಪೇಪರಿನಲ್ಲಿ ಸುತ್ತಿಸುತ್ತಾರೆ. "ಭಾಯ್, ಒರಿಜಿನಲ್ ಅಲ್ವಾ?" "ಒರಿಜಿನಲ್ಲೇ ಸಾವ್ಕಾರ್ರೇ, ಊರು ಬೇರೆ ಅಷ್ಟೇ." ಇದಕ್ಕಿಂತ ಸತ್ಯವಾದ ಉತ್ತರವನ್ನು ಯಾವ ಷೋರೂಮಿನವರೂ ಕೊಡಲಾರರು.

ನಿತ್ಯದ ಓಡಾಟ ಎಂದರೆ ನಿಜಕ್ಕೂ ನಿತ್ಯದ್ದು. ಕಮಲಾಪುರ, ಬುಕ್ಕಸಾಗರ, ರಾಮಸಾಗರ ದಾಟಿ ಕಂಪ್ಲಿಗೆ ಹೋಗುವಾಗ ಡಿಕ್ಕಿಯಲ್ಲಿ ಯೂರಿಯಾ ಚೀಲ, ಬರುವಾಗ ಬಾಳೆಗೊನೆ. ಹಿಂದಿನ ಸೀಟಿನಲ್ಲಿ ಎಣ್ಣೆ ಸಿಂಪಡಿಸುವ ಪಂಪು. ಜಲಾಶಯದಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದ ದಿನ ಮಾತ್ರ ಗಂಗಾವತಿ ಕಡೆಯ ವಸೂಲಿಗೆ ರಜೆ. ಸಂಡೂರಿನ ಏರುದಾರಿ ಬಂದರೆ ಬೇರೆಯದೇ ವಿಧಿ. ಸುಮಾರು 1,400 ಕೆ.ಜಿ. ತೂಕದ ಕಾರನ್ನು ಎಪ್ಪತ್ತರ ಆಸುಪಾಸಿನ ಕುದುರೆಶಕ್ತಿ ಎಳೆಯಬೇಕು. ಅದರಲ್ಲಿ ಏಸಿಗೂ ಪಾಲು ಕೊಡಲಾಗುವುದಿಲ್ಲ. ಏರು ಕಂಡ ಕೂಡಲೇ ಏಸಿ ಬಂದ್, ಕಿಟಕಿ ಕೆಳಗೆ. ಮುಂದೆ ಅದಿರಿನ ಲಾರಿ. ಹೊಸಪೇಟೆ ಬಿಡುವಾಗ ದಂತದ ಬಣ್ಣದಲ್ಲಿದ್ದ ಕಾರು, ಒಳಗಿದ್ದ ಬಿಳಿ ಅಂಗಿ, ಸಾವ್ಕಾರ್ರ ಮೀಸೆ ಮೂರೂ ಸಂಡೂರು ಮುಟ್ಟುವಾಗ ಒಂದೇ ಕೆಂಪಿಗೆ ಬಂದಿರುತ್ತವೆ.

ಆ ದಂತದ ಬಣ್ಣವೇ ಹಂಪಿಯಲ್ಲಿ ಕೈಕೊಟ್ಟಿತು. ಅನಂತಶಯನಗುಡಿಯ ರೈಲ್ವೆ ಗೇಟಿನಲ್ಲಿ ಕಾಯದೆ ಹಂಪಿ ನೋಡಲಾಗದಿದ್ದ ಕಾಲದಿಂದಲೂ ಸಾವ್ಕಾರ್ರು ನೆಂಟರನ್ನು ಹಂಪಿಗೆ ಕರೆದೊಯ್ಯುತ್ತಾರೆ. ನೆಂಟರು ವಿರೂಪಾಕ್ಷನ ದರ್ಶನಕ್ಕೆ ಹೋದರೆ ಇವರು ಕಾರಿನ ಪಕ್ಕ ನಿಂತು ಬಂದುಹೋಗುವವರಿಗೆ ದರ್ಶನ ಕೊಡುತ್ತಾರೆ. ಹೀಗಿರುವಾಗ ಒಮ್ಮೆ ಜರ್ಮನಿಯ ವಯಸ್ಸಾದ ದಂಪತಿ ಕಾರು ಕಂಡು ಓಡಿ ಬಂದರು, ಬಾನೆಟ್ ಸವರಿದರು, ಫೋಟೊ ತೆಗೆದರು. ಸಾವ್ಕಾರ್ರು ಗೈಡ್ ಹುಡುಗನಿಗೆ, "ಇದು ಅವರ ರಾಯಭಾರಿದಿತ್ತು ಅಂತ ಹೇಳಪಾ," ಎಂದರು. ಹುಡುಗ ಹೇಳಿದ. ಮುದುಕ ನಕ್ಕು ಏನೋ ಹೇಳಿದ. ಹುಡುಗ ತಲೆ ಕೆರೆದುಕೊಂಡ.

"ಏನಂತಾರೋ?"

"ಈ ಬಣ್ಣ ಅವರ ಊರಾಗ ಟ್ಯಾಕ್ಸಿದಂತ್ರಿ ಮಾಮಾ. ರೇಲ್ವೆ ಸ್ಟೇಷನ್ನಿಂದ ಮನಿಗೆ ಇದರಾಗ ಹೋಗ್ತಿದ್ರಂತ."

ಮುದುಕ ಹೇಳಿದ್ದು ನಿಜ. ಜರ್ಮನಿಯ ಟ್ಯಾಕ್ಸಿಗಳಿಗೆ ಆ ತಿಳಿ ದಂತವರ್ಣ 1971ರಲ್ಲಿ ಕಾನೂನಿನ ಬಣ್ಣವಾಯಿತು, ಡೀಸೆಲ್ ಡಬ್ಲ್ಯು 123 ಆ ಕಾಲದಲ್ಲಿ ಅಲ್ಲಿನ ಟ್ಯಾಕ್ಸಿಯವರ ಅಚ್ಚುಮೆಚ್ಚಿನ ಗಾಡಿಯಾಗಿತ್ತು. ರಾಯಭಾರಿಯ ಪಾಠ ಅಂದಿಗೇ ಕೊನೆಗೊಂಡಿತು.

ಸಾವ್ಕಾರ್ರಂಥವರು ಸೋಲುವುದಿಲ್ಲ, ಪಕ್ಷ ಬದಲಿಸುತ್ತಾರೆ. ಮರುವಾರವೇ ಅಂಗಡಿಯಲ್ಲಿ ಹೊಸ ವಾದ ಹೊರಟಿತು: "ಟ್ಯಾಕ್ಸಿಯವ ಪೈಸಾ ಪೈಸಾ ಲೆಕ್ಕ ಹಾಕಿ ಗಾಡಿ ತೊಗೊಳ್ಳಾವ. ಅವನೇ ಇದನ್ನ ಆರಿಸ್ಯಾನಂದ್ರ?" ಆಮೇಲೆ ಗ್ರೀಸ್ ದೇಶದ ಗ್ರಿಗೋರಿಯೊಸ್ ಸಾಕಿನಿಡಿಸ್ ಎಂಬ ಟ್ಯಾಕ್ಸಿ ಡ್ರೈವರನ ಕಥೆ. ಅವರು 1976ರ 240 ಡಿ ಒಂದನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಬೆಂಜ್ ಕಂಪನಿಯ ಮ್ಯೂಸಿಯಮ್ಮಿಗೇ ಕೊಟ್ಟರು. ಅದು ಇದರ ಹಿಂದಿನ ಮಾಡೆಲ್, ಎಂಜಿನ್ ಮಾತ್ರ ಇದೇ. ಅವರು ಎಂಜಿನ್ನುಗಳನ್ನು ಬದಲಿಸುತ್ತ ಬದಲಿಸುತ್ತ ಅಷ್ಟು ದೂರ ಓಡಿಸಿದರು ಎಂಬ ವಿವರ ಅಂಗಡಿಯಲ್ಲಿ ಹೊರಬರುವುದಿಲ್ಲ. ಸಾವ್ಕಾರ್ರ ಮೀಟರು ಎಷ್ಟೋ ವರ್ಷದ ಹಿಂದೆ ನಿಂತಿದೆ. ಹಾಗಾಗಿ 46 ಲಕ್ಷ ಆಗಿಲ್ಲವೆಂದು ಸಾಧಿಸುವುದೂ ಯಾರಿಂದಲೂ ಸಾಧ್ಯವಿಲ್ಲ.

ಮನೆಯವರದು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳದ ಪಕ್ಷ. ಮಗ ಹೊಸ ಕಾರು ತೆಗೆದುಕೊಂಡಿದ್ದಾನೆ. ಆಸ್ಪತ್ರೆ, ಮುಹೂರ್ತ, ರೈಲು ಈ ಮೂರಕ್ಕೂ ಮಗನ ಕಾರು. ಉಳಿದಂತೆ, ಹೋದರೂ ನಡೆದೀತು ಹೋಗದಿದ್ದರೂ ನಡೆದೀತು ಎನ್ನುವ ಊರುಗಳಿಗೆ ಬೆಂಜ್. ಮದುವೆಯಾಗಿ ಬಂದ ಸೊಸೆ ಒಮ್ಮೆ ಆಸೆಪಟ್ಟು ಓಡಿಸಲು ಕೂತಳು. ಹ್ಯಾಂಡ್ ಬ್ರೇಕ್ ಹುಡುಕಿದಳು, ಸಿಗಲಿಲ್ಲ. ಈ ಕಾರಿನಲ್ಲಿ ಅದನ್ನು ಎಡಗಾಲಿನಿಂದ ಒತ್ತಿ ಹಾಕಬೇಕು, ಡ್ಯಾಶ್‌ಬೋರ್ಡಿನ ಗುಬಟು ಎಳೆದು ಬಿಡಿಸಬೇಕು. "ಮಾವಾರೇ, ಇದಕ್ಕ ಕೈ-ಕಾಲು ಎರಡೂ ಮುಗೀಬೇಕು," ಎಂದು ಇಳಿದವಳು ಮತ್ತೆ ಹತ್ತಿಲ್ಲ.

ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿನಲ್ಲಿ ಸಾಲಾಗಿ ಫಳಫಳ ನಿಂತ ಹಳೇ ಕಾರುಗಳನ್ನು ನೋಡಿ ಬಂದವರು, ನಿಮ್ಮದನ್ನೂ ಹಾಗೆ ಇಡಬಾರದೇ ಎಂದರೆ ಸಾವ್ಕಾರ್ರು ಹಂಪಿಯ ವಿಠಲ ದೇವಸ್ಥಾನದ ಕಲ್ಲಿನ ರಥದ ಕಡೆಗೆ ಕೈ ತೋರಿಸುತ್ತಾರೆ: "ನಿಂತ ಗಾಡಿ ನೋಡಬೇಕಂದ್ರ ಅಲ್ಲಿ ಐತಿ, ಐವತ್ರ ನೋಟಿನ ಮ್ಯಾಲೂ ಐತಿ." ಈ ವಿಷಯದಲ್ಲಿ ಅವರ ಮಾತಿಗೆ ಎದುರಾಡುವುದು ಕಷ್ಟ.

ಕಷ್ಟ ಬಂದಿರುವುದು ಕಾನೂನಿನಿಂದ. ವಿದೇಶದಿಂದ ಬಂದ ಹಳೇ ಕಾರಿನ ಆರ್‌ಸಿ ರಿನಿವಲ್ ಶುಲ್ಕ 2022ರ ಏಪ್ರಿಲ್‌ನಲ್ಲಿ 40,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ್ದಕ್ಕೆ 80,000. ವಿಂಟೇಜ್ ಮಾಡಿಸಿಬಿಡಿ ಎಂದು ಆರ್‌ಟಿಓ ಏಜೆಂಟ್ ಸಲಹೆ ಕೊಟ್ಟ. 2021ರ ನಿಯಮದ ಪ್ರಕಾರ ವಿಂಟೇಜ್ ಎನ್ನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು, ಅಂದರೆ 2031ರವರೆಗೆ ಕಾಯಬೇಕು. ಎಂಜಿನ್, ಬಾಡಿ, ಚಾಸಿಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಇದನ್ನು ಕೇಳಿ ಉಸ್ತಾದ್ ಕೆಮ್ಮಿದರು. ಇಷ್ಟೆಲ್ಲ ಆಗಿ ವಿಂಟೇಜ್ ನಂಬರು ಸಿಕ್ಕರೂ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗಳಿಗೆ ಬಿಟ್ಟು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಯೂರಿಯಾ ಚೀಲದ ಮಾತು ದೂರ ಉಳಿಯಿತು.

ಹಾಗಾಗಿ ಸಾವ್ಕಾರ್ರು 80,000ದ ದಾರಿಯನ್ನೇ ಹಿಡಿದಿದ್ದಾರೆ. ರಿನಿವಲ್ ಈ 2026ಕ್ಕೇ ಬರುತ್ತದೆ. ಉದ್ರಿ ಪುಸ್ತಕ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡು ವಸೂಲಿಗೆ ಹೊರಟಿದ್ದಾರೆ. ಕಂಪ್ಲಿ, ರಾಮಸಾಗರದ ಕಡೆ ಹೋದ ಮುಂಗಾರಿನ ಗೊಬ್ಬರದ ಬಾಕಿ ಉಳಿಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕೊಟ್ಟುಬಿಡಿ.