ಸಾಲವೋ ಸಾಲೋ

(ಗುಡೇಮಾರನಹಳ್ಳಿ. ಬೆಳಗ್ಗೆ ಆರು ಗಂಟೆ. ಡೈರಿ ಮುಂದೆ ಹಾಲಿನ ಕ್ಯಾನುಗಳು ಸಾಲಾಗಿ ನಿಂತಿವೆ. ಅವುಗಳ ಮಾಲೀಕರು ಜಗಲಿ ಮೇಲೆ ಕೂತಿದ್ದಾರೆ.)

ಮೊಮ್ಮಗ: ತಾತ, ಬಿಡದಿ ವಂಡರ್‌ಲಾಗೆ ಇನ್ನೊಸಿ ಕಾಸು ಬೇಕು.

ತಾತ: ಟಿಕೇಟಿಗೆ ಕೊಟ್ಟೆನಲ್ಲೋ!

ಮೊಮ್ಮಗ: ಅದು ಒಳಕ್ಕೆ ಹೋಗಕ್ಕೆ. ಇದು ಫಾಸ್ಟ್‌ಟ್ರ್ಯಾಕು, ಸಾಲಲ್ಲಿ ನಿಲ್ಲದಂಗೆ.

ತಾತ: ನಿಲ್ಲಕ್ಕೊಂದು ರೇಟು, ನಿಲ್ಲದೆ ಇರಕ್ಕೊಂದು ರೇಟು! ಎಲ್ರೂ ಅದನ್ನೇ ತಗೊಂಡ್ರೆ?

ಮೊಮ್ಮಗ: ಆಗ ಅದಕ್ಕೊಂದು ಸಾಲು.

ತಾತ: ನಮ್ಮ ಕಾಲದಾಗೆ ಸಾಲು ತಪ್ಪಿಸಿದೋನಿಗೆ ಬೈಗುಳ ಕೊಡೋರು. ಈಗ ರಸೀದಿ.

ಸಿದ್ದಣ್ಣ: ತಿರುಪತೀಲಿ 300 ರೂಪಾಯಿ ದರ್ಶನ ಇಲ್ವಾ ಗೌಡ್ರೇ?

ತಾತ: ತಿಮ್ಮಪ್ಪ ಕುಬೇರನ ಸಾಲ ತೀರಿಸ್ಬೇಕು ಕಣಯ್ಯಾ. ಇವ್ರಿಗ್ಯಾವ ಮದುವೆ ಸಾಲ?

ಮೊಮ್ಮಗ: ಅಮೆರಿಕದ ಡಿಸ್ನೀಲಿ ಇಂಥದ್ದು 1999ರಲ್ಲಿ ಶುರುವಾದಾಗ ಬಿಟ್ಟಿ. 2021ರಲ್ಲಿ ಅವರ ಆಪಲ್ಲಿ ಜೀನಿ ಅಂತೊಂದು ಬಂತು, ಆಮೇಲೆ ದುಡ್ಡು.

ತಾತ: ಜೀನ ಅಲ್ವಾ? ಹೆಸರು ನೋಡಿ ಇಟ್ಟವ್ರೆ.

ಮೊಮ್ಮಗ: ಯಾವ ಆಟಕ್ಕೆ ಮೊದಲು ಹೋಗ್ಬೇಕು ಅಂತಾನೂ ಅದೇ ಹೇಳ್ತಿತ್ತು.

ತಾತ: ಜಾತ್ರೇಲಿ ಬೊಂಬೆ ಅಂಗಡಿಯೋನೂ ಅಷ್ಟೇ. ಯಾರೂ ಕೊಳ್ಳದ ಚನ್ನಪಟ್ಟಣದ ಕುದುರೇನೇ ಮೊದಲು ಕೈಗಿಡ್ತಾನೆ.

ಸಿದ್ದಣ್ಣ: ಕಾಲ ಓಡ್ತಾ ಐತೆ, ಬೇಗ ಬೇಗ ಹೋಗ್ಬೇಕು ಗೌಡ್ರೇ.

ತಾತ: ನಾವು ಕೂತಲ್ಲಿಂದ ಏಳಲಿಲ್ಲ, 2025ರಲ್ಲಿ ನಮ್ಮ ರಾಮನಗರ ಜಿಲ್ಲೇನೇ ಬೆಂಗಳೂರು ದಕ್ಷಿಣ ಆಗೋಯ್ತು. ಇದಕ್ಕಿಂತ ಫಾಸ್ಟ್‌ಟ್ರ್ಯಾಕ್ ಬೇಕೇನಯ್ಯಾ? (ಕಾಲಲ್ಲೇ ತನ್ನ ಕ್ಯಾನನ್ನು ಮುಂದಕ್ಕೆ ತಳ್ಳುತ್ತಾನೆ.)

ಸಿದ್ದಣ್ಣ: ಅದು ನನ್ನ ಜಾಗ!

ತಾತ: ಗೊತ್ತು ಕಣಪ್ಪಾ. ತಗೋ, ಒಂದು ಬೀಡಿ.

ಸಿದ್ದಣ್ಣ: ಒಂದಕ್ಕೆ ಒಂದೇ ಕ್ಯಾನು. ನಿಮ್ಮ ಮೊಮ್ಮಗಂದೂ ಐತಲ್ಲ?