ಗಲ್ಲು ಕಟ್ಟಡಕ್ಕೆ, ಜಾಮೀನು ಜಿಪುಣರಿಗೆ

ಮೆಟ್ಟಿಲು ಹತ್ತಿದರೆ ಬಡವರ ಆರೋಗ್ಯ ಸುಧಾರಿಸುತ್ತದೆಂದು ಅಮೆರಿಕ ಸರ್ಕಾರಕ್ಕೆ ಮೊದಲೇ ಹೊಳೆದಿರಬೇಕು. 1950ರ ದಶಕದಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಎದ್ದು ನಿಂತ ಪ್ರೂಯಿಟ್-ಐಗೋ ವಸತಿ ಸಮುಚ್ಚಯದಲ್ಲಿ ಲಿಫ್ಟು ನಿಲ್ಲುತ್ತಿದ್ದದ್ದು ಒಂದು, ನಾಲ್ಕು, ಏಳು, ಹತ್ತನೇ ಅಂತಸ್ತುಗಳಲ್ಲಿ ಮಾತ್ರ. ಉಳಿದವರು ಹತ್ತಿಯೋ ಇಳಿದೋ ಮನೆ ಸೇರಿಕೊಳ್ಳಬೇಕು. ದುಡ್ಡೂ ಉಳಿಯಿತು, ನೆರೆಹೊರೆಯವರು ಮೊಗಸಾಲೆಯಲ್ಲಿ ಕೂಡಿ ಹರಟುತ್ತಾರೆಂಬ ಸಿದ್ಧಾಂತವೂ ದಕ್ಕಿತು. ಮುಂದೆ ಅಲ್ಲಿ ಕಾದು ನಿಂತವರು ಹರಟೆಗೆ ಬಂದವರಲ್ಲ, ಆ ಮಾತು ಬೇರೆ.

ವಾಸ್ತುಶಿಲ್ಪಿ ಮಿನೋರು ಯಮಸಾಕಿ ತಗ್ಗಿನ ಮನೆಗಳನ್ನೂ ಎತ್ತರದವನ್ನೂ ಬೆರೆಸಿ ನಕ್ಷೆ ಬರೆದಿದ್ದರು. ವಾಷಿಂಗ್ಟನ್ನಿನ ಲೆಕ್ಕಿಗರು ಅದನ್ನು ಸೋಸಿದ ಮೇಲೆ ಉಳಿದದ್ದು ಒಂದೇ ಅಚ್ಚಿನ, 11 ಅಂತಸ್ತಿನ 33 ಕಟ್ಟಡ, 2,870 ಮನೆ. ನೆಲದಂತಸ್ತಿನಲ್ಲಿ ಶೌಚಾಲಯವಿಲ್ಲ. ಕೆಳಗೆ ಆಡುವ ಮಗುವಿಗೆ ಅವಸರವಾದರೆ ಹತ್ತನೇ ಅಂತಸ್ತಿಗೆ ಓಡಬೇಕು. ಓಡಲಾಗದ ಮಕ್ಕಳಿಂದ ಲಿಫ್ಟು ನಾರಿದಾಗ, ಬಡವರಿಗೆ ನಾಗರಿಕತೆ ಸಾಲದೆಂದು ತೀರ್ಮಾನವಾಯಿತು.

ಕಟ್ಟಲು ಸರ್ಕಾರದ ಹಣ, ದುರಸ್ತಿಗೆ ಬಾಡಿಗೆಯ ಹಣ. ಏರ್ಪಾಡು ಕೇಳಲು ಚೆಂದ. ಆದರೆ ಅದೇ ಸರ್ಕಾರ ಬಿಳಿಯರ ಉಪನಗರದ ಮನೆಸಾಲಕ್ಕೆ ಜಾಮೀನು ನಿಂತು, ಅಲ್ಲಿಗೆ ಹೋಗಲು ಹೆದ್ದಾರಿಯನ್ನೂ ಹಾಸಿಕೊಟ್ಟಿತ್ತು. 1950ರಲ್ಲಿ 8.5 ಲಕ್ಷ ದಾಟಿದ್ದ ಊರಿನ ಜನ 1970ಕ್ಕೆ 6.2 ಲಕ್ಷವಾದರು. ಸಮುಚ್ಚಯದಲ್ಲಿ ಉಳಿದವರು ಬೇರೆಲ್ಲೂ ಹೋಗಲಾಗದ ಕಪ್ಪು ಬಡವರು. ಮನೆಗಳು ಖಾಲಿಯಾದಷ್ಟೂ ಬಾಡಿಗೆ ಸಾಲದು. ಸಾಲದಷ್ಟೂ ಉಳಿದವರ ಬಾಡಿಗೆ ಏರಿಸು. 1969ರಲ್ಲಿ ಅವರು ಬಾಡಿಗೆ ಕೊಡುವುದಿಲ್ಲವೆಂದು ಮುಷ್ಕರ ಹೂಡಿದಾಗ ಅಧಿಕಾರಿಗಳಿಗೆ ಆಶ್ಚರ್ಯವಾಯಿತಂತೆ, ಆಗದೆ ಇರುತ್ತದೆಯೇ!

ಇನ್ನೊಂದು ನಿಯಮವಂತೂ ಅಪ್ಪಟ ಅಪರಂಜಿ. ದುಡಿಯಬಲ್ಲ ಗಂಡಸು ಮನೆಯಲ್ಲಿದ್ದರೆ ಹೆಂಡತಿ ಮಕ್ಕಳಿಗೆ ಸರ್ಕಾರಿ ನೆರವು ಇಲ್ಲ. ಹೀಗೆ ಅಪ್ಪಂದಿರನ್ನು ಹೊರಗಟ್ಟಿ, ಆಮೇಲೆ ‘ಅಯ್ಯೋ, ಈ ಮನೆಗಳಲ್ಲಿ ಅಪ್ಪಂದಿರೇ ಇಲ್ಲವಲ್ಲ’ ಎಂದು ಮರುಗಿದರು.

1972ರ ಮಾರ್ಚಿನಲ್ಲಿ ಕಟ್ಟಡಗಳನ್ನು ಉರುಳಿಸಲು ಡೈನಮೈಟ್ ಬಂತು. ಒಡೆದ ಕಿಟಕಿಗೆ ಗಾಜು ಹಾಕಿಸಲು ಇರದ ಹಣ ಇದಕ್ಕೆ ಹೇಗೋ ಹೊಂದಿತು. ಆದರೆ ಮರಣಪತ್ರ ಬರೆದ ವಿಮರ್ಶಕ ಚಾರ್ಲ್ಸ್ ಜೆಂಕ್ಸ್ ಆರಿಸಿಕೊಂಡದ್ದು ಜುಲೈ 15ರ ಮಧ್ಯಾಹ್ನ 3.32. ಆ ಗಳಿಗೆಯಲ್ಲಿ ಸತ್ತದ್ದು ಆಧುನಿಕ ವಾಸ್ತುಶಿಲ್ಪವೇ ಅಂತೆ. ಕೊಲೆಗಾರ ನಕ್ಷೆ ಎಂದಾದ ಮೇಲೆ ಆಯವ್ಯಯದ ಕಡತ ಬಿಚ್ಚುವ ಕಷ್ಟ ಯಾರಿಗೆ ಬೇಕು? ಈ ನಕ್ಷೆಗೆ 1951ರಲ್ಲಿ ವಾಸ್ತುಶಿಲ್ಪಿಗಳ ಸಂಸ್ಥೆಯ ಪ್ರಶಸ್ತಿ ಬಂದಿತ್ತೆಂದೂ ಅವರು ಬರೆದರು. ಅಂಥದ್ದು ಬಂದೇ ಇರಲಿಲ್ಲ. ಬದುಕಿದ್ದಾಗ ದುರಸ್ತಿಗೆ ಬಿಡಿಗಾಸು ಹುಟ್ಟದ ಕಟ್ಟಡಕ್ಕೆ ಸತ್ತ ಮೇಲಾದರೂ ಒಂದು ಪದಕ ಸಿಕ್ಕಿತಲ್ಲ!