ಕಾಕಾರ ಮೃಗಾಲಯ

ಅಹಮದಾಬಾದು, ವಡೋದರಾ, ಸೂರತ್ತು: ಎಲ್ಲೇ ನಾಣ್ಯ ಪ್ರದರ್ಶನ ನಡೆಯಲಿ, ಕಾಕಾ ಹಾಜರು. ಕಾಕಾ ಅಂದರೆ ಒಬ್ಬರಲ್ಲ, ಅದೊಂದು ತಳಿ. ಕಣ್ಣಿಗೆ ಭೂತಗನ್ನಡಿ, ಕಂಕುಳಲ್ಲಿ ದಪ್ಪ ಕ್ಯಾಟಲಾಗು, ಕಿವಿಯ ಮೇಲೆ ಪೆನ್ಸಿಲು. ರಾಜ ಯಾರು, ಇಸವಿ ಎಷ್ಟು ಎಂಬುದೆಲ್ಲ ಹುಡುಗರ ಪ್ರಶ್ನೆ. ಕಾಕಾ ಕೇಳುವುದು, ‘ಇದು ಯಾವ ಪ್ರಾಣಿ?’

ಕ್ಯಾಟಲಾಗು ಬರೆದವನು ಕೊಟ್ಟಿಗೆಯನ್ನೇ ಕಂಡಿಲ್ಲ ಎಂಬುದು ಅವರ ದೃಢ ನಂಬಿಕೆ. ‘ಹಸು’ ಎಂದಿದ್ದಲ್ಲಿ ಹಿಣಿಲು ತೋರಿಸಿ ಗೂಳಿ ಎಂದು ತಿದ್ದುತ್ತಾರೆ. 1950ರ ರೂಪಾಯಿಯ ತೆನೆಯನ್ನು ಒಬ್ಬ ಅಂಗಡಿಯವ ಮೆಕ್ಕೆಜೋಳ ಅಂದ. ಆವತ್ತು ಕಾಕಾ ಫಾಫಡಾ ತಟ್ಟೆಯನ್ನೂ ಪಕ್ಕಕ್ಕೆ ಸರಿಸಿದರು. ಗುಜರಾತಿನಲ್ಲಿ ಇದಕ್ಕಿಂತ ದೊಡ್ಡ ಪ್ರತಿಭಟನೆ ಇಲ್ಲ.

ಗಧೈಯಾ ಪೈಸೆ ಬಂದರಂತೂ ಮುಗಿಯಿತು. ಒಂದು ಬದಿಗೆ ಪರ್ಷಿಯಾದ ಸಸಾನಿ ದೊರೆಯ ಮುಖ, ಇನ್ನೊಂದು ಬದಿಗೆ ಅಗ್ನಿವೇದಿ. ನಕಲಿನ ನಕಲು ತೆಗೆದು ತೆಗೆದು ಶತಮಾನಗಳಲ್ಲಿ ಎರಡೂ ಬರೀ ಚುಕ್ಕೆ, ಗೀಟುಗಳಾಗಿ ಉಳಿದವು. ಜನರೋ, ಹೆಸರಿನಲ್ಲಿ ‘ಗಧಾ’ (ಕತ್ತೆ) ಕೇಳಿಸಿ, ವಿಕ್ರಮಾದಿತ್ಯನ ಅಪ್ಪ ಗಂಧರ್ವಸೇನ ಶಾಪದಿಂದ ಕತ್ತೆಯಾಗಿದ್ದ, ಇದು ಅವನ ದುಡ್ಡು ಎಂದು ಕಥೆ ಕಟ್ಟಿದರು. ಕಥೆ ಕೇಳಿದವರು ನಾಣ್ಯದಲ್ಲಿ ಕತ್ತೆ ಹುಡುಕುತ್ತಾರೆ. ಶ್ರದ್ಧೆ ಇದ್ದವರಿಗೆ ಕಿವಿಯೂ ಕಾಣುತ್ತದೆ. ‘ಕಿವಿಯಲ್ಲ ಬೇಟಾ, ಅದು ಬೆಂಕಿ’ ಎಂದು ಕಾಕಾ ಗದರುತ್ತಾರೆ. ಆದರೆ ಅದೇ ಪೈಸೆಯನ್ನು ತಾವೇ ಮಾರಲು ಕೂತಾಗ, ಗಿರಾಕಿಗೆ ಕಂಡ ಕಿವಿಯನ್ನು ಕತ್ತರಿಸುವಷ್ಟು ಕಟುಕರಲ್ಲ.

ನನಗೆ ಅವರ ಪ್ರಾಣಿಶಾಸ್ತ್ರದ ಗುಟ್ಟು ತಿಳಿದದ್ದು ‘ಹಂದಿ ರೂಪಾಯಿ’ಯಿಂದ. 1911ರಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಆನೆ ಕೆತ್ತಿದ್ದರು. ಸೊಂಡಿಲು ಎಷ್ಟು ಗಿಡ್ಡವೆಂದರೆ ಜನರಿಗೆ ಹಂದಿ ಕಂಡಿತು, ಗದ್ದಲವೆದ್ದಿತು. ಸುಮಾರು 94 ಲಕ್ಷ ಅಚ್ಚಾಗಿ, ಚಲಾವಣೆಗೆ ಹೋದದ್ದು 7 ಲಕ್ಷದಷ್ಟು, ಉಳಿದವು ಕುಲುಮೆಗೆ. ಮರುವರ್ಷ ಆನೆ ಆನೆಯಾಯಿತು. ಹಂದಿಗೆ ಇಂದು ಆನೆಗಿಂತ ಬೆಲೆ ಹೆಚ್ಚು. ಹಾಗಾಗಿ ಕೊಳ್ಳುವಾಗ ಕಾಕಾ ‘ಎಲ್ಲಿದೆಯಪ್ಪ ಹಂದಿ? ಸೊಂಡಿಲು ಕಾಣೋದಿಲ್ವೆ?’ ಎಂದು ಚೌಕಾಸಿ ಮಾಡುತ್ತಾರೆ. ಮನೆಗೆ ಒಯ್ದು ‘ಹಂದಿ’ ಎಂಬ ಚೀಟಿ ಅಂಟಿಸುತ್ತಾರೆ.

ನಾನು ಕನ್ನಡದವನೆಂದು ತಿಳಿದ ಮೇಲೆ ಮುಮ್ಮಡಿ ಕೃಷ್ಣರಾಜರ ತಾಮ್ರದ ಕಾಸೊಂದನ್ನು ಮುಂದಿಟ್ಟರು. ‘ನಿಮ್ಮೂರ ಪ್ರಾಣಿ, ನೀವೇ ಹೇಳಿ. ಸಿಂಹವೋ, ಹುಲಿಯೋ?’

‘ಶಾರ್ದೂಲ ಅಂತಲೂ ಅಂತಾರೆ’ ಎಂದೆ.

‘ಎಷ್ಟು ಜಾಸ್ತಿ ಆಗುತ್ತೆ?’

ಕಳೆದ ಮೇಳದಲ್ಲಿ ಅವರು ತಮ್ಮ ಹಳೇ ಕ್ಯಾಟಲಾಗನ್ನೇ ಮಾರಾಟಕ್ಕೆ ಇಟ್ಟಿದ್ದರು. ಪುಟಪುಟಕ್ಕೂ ಪೆನ್ಸಿಲಿನ ತಿದ್ದುಪಡಿ, ಇಡೀ ಆಯುಷ್ಯದ ವಿದ್ವತ್ತು. ಸೂರತ್ತಿನ ಇನ್ನೊಬ್ಬ ಕಾಕಾ ಭೂತಗನ್ನಡಿ ಹಿಡಿದು ಹಾಳೆ ತಿರುವಿ ತಿರುವಿ ನೋಡಿ, ಅರ್ಧ ಬೆಲೆಗೆ ಕೇಳಿದರು: ‘ತಪ್ಪೆಲ್ಲ ಹಾಗೇ ಇದ್ದಿದ್ದರೆ ಪೂರ್ತಿ ಕೊಡ್ತಿದ್ದೆ.’